ಕಳೆನಾಶಕದ ಮೇಲೆ ಐವತ್ತು ವರ್ಷಗಳ ವಿಚಾರಣೆ

ನಮ್ಮ ರೈತರು ‘ಕಳೆ ಔಷಧಿ’ ಎನ್ನುವ ಗ್ಲೈಫೋಸೇಟ್, 1974ರಲ್ಲಿ ಅಮೆರಿಕದ ಮೊನ್ಸಾಂಟೊ ಕಂಪನಿಯಿಂದ ‘ರೌಂಡಪ್’ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಗಿಡಗಳು ಕೆಲವು ಅಮೈನೋ ಆಮ್ಲಗಳನ್ನು ತಯಾರಿಸಿಕೊಳ್ಳುವ ದಾರಿಯನ್ನೇ ಅದು ಕಟ್ಟಿಬಿಡುತ್ತದೆ. ಪ್ರಾಣಿಗಳಲ್ಲಿ ಆ ದಾರಿ ಇಲ್ಲ. ಹಾಗಾಗಿ ಮನುಷ್ಯರಿಗೆ ಇದರಿಂದ ತೊಂದರೆಯಿಲ್ಲ ಎಂಬ ನಂಬಿಕೆ ಬೇಗನೆ ಬೇರೂರಿತು.

ಮೊದಲ ಅನುಮಾನ ಹುಟ್ಟಿಸಿದ್ದು ಸುಂಡಿಲಿಗಳ ಮೂತ್ರಪಿಂಡ. 1983ರ ಅಧ್ಯಯನದಲ್ಲಿ ಗ್ಲೈಫೋಸೇಟ್ ತಿನ್ನದ ಗಂಡಿಲಿಗಳಲ್ಲಿ ಗೆಡ್ಡೆ ಇರಲಿಲ್ಲ, ಕಡಿಮೆ ತಿಂದವುಗಳಲ್ಲೂ ಇರಲಿಲ್ಲ. ಮಧ್ಯಮ ಪ್ರಮಾಣದ ಗುಂಪಿನಲ್ಲಿ ಒಂದು, ಅತಿ ಹೆಚ್ಚು ತಿಂದ ಗುಂಪಿನಲ್ಲಿ ಮೂರು ಕಂಡವು. 1985ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ‘ಕ್ಯಾನ್ಸರ್ ತರಬಹುದಾದ’ ವಸ್ತುಗಳ ಪಟ್ಟಿಗೆ ಸೇರಿಸಿತು. ಬಳಿಕ ಕಂಪನಿ ಕರೆಸಿದ ತಜ್ಞರೊಬ್ಬರು ಹಳೆಯ ಸ್ಲೈಡುಗಳನ್ನೇ ಮತ್ತೆ ನೋಡಿ, ಗ್ಲೈಫೋಸೇಟ್ ತಿನ್ನದ ಗುಂಪಿನಲ್ಲೂ ಒಂದು ಗೆಡ್ಡೆ ಇದೆ ಎಂದರು. ಆ ಒಂದು ಗೆಡ್ಡೆಯಿಂದ ಲೆಕ್ಕದ ಬಲ ಕುಗ್ಗಿತು. 1991ರಲ್ಲಿ ಅದೇ ಸಂಸ್ಥೆ ಗ್ಲೈಫೋಸೇಟನ್ನು ಕ್ಯಾನ್ಸರ್‌ಕಾರಕವಲ್ಲದ ವಸ್ತುಗಳ ಸಾಲಿಗೆ ಸರಿಸಿತು.

ಡಿಎನ್‌ಎ ಪರೀಕ್ಷೆಗಳ ಕಥೆ ಬೇರೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬಳಸುವ ಏಮ್ಸ್ ಪರೀಕ್ಷೆಯಲ್ಲಿ ಗ್ಲೈಫೋಸೇಟ್ ಬಹುಮಟ್ಟಿಗೆ ನಿರ್ದೋಷಿಯಾಗಿಯೇ ಹೊರಬಂತು. ಕಾಮೆಟ್ ಪರೀಕ್ಷೆಯಲ್ಲಿ ಹಾಗಾಗಲಿಲ್ಲ. ಇದರಲ್ಲಿ ಜೀವಕೋಶವನ್ನು ಜೆಲ್‌ನಲ್ಲಿ ಹುದುಗಿಸಿ ವಿದ್ಯುತ್ ಹರಿಸುತ್ತಾರೆ. ತುಂಡಾದ ಡಿಎನ್‌ಎ ಧೂಮಕೇತುವಿನ ಬಾಲದಂತೆ ಹಿಂದೆ ಚಾಚಿಕೊಳ್ಳುತ್ತದೆ. ಬಾಲ ಉದ್ದವಾದಷ್ಟೂ ಹಾನಿ ಹೆಚ್ಚು. ಕೊಲಂಬಿಯಾದ ಗಡಿಯಲ್ಲಿ ಕೋಕಾ ಬೆಳೆಯ ಮೇಲೆ ವಿಮಾನದಿಂದ ಕಳೆನಾಶಕ ಸುರಿದಾಗ ಅದು ತಾಗಿದ ಈಕ್ವೆಡಾರ್‌ನ 24 ಜನರ ರಕ್ತಕೋಶಗಳಲ್ಲಿ ಬಾಲ ಉದ್ದವಾಗಿತ್ತು ಎಂದು 2007ರ ಅಧ್ಯಯನ ಹೇಳಿತು. ಆದರೆ ಜನ ಕಡಿಮೆ. ಮುರಿದ ಡಿಎನ್‌ಎಯನ್ನು ಜೀವಕೋಶ ರಿಪೇರಿ ಮಾಡಿಕೊಳ್ಳಲೂಬಹುದು. ಹಾನಿಯಾದದ್ದೆಲ್ಲ ಕ್ಯಾನ್ಸರ್ ಆಗುವುದಿಲ್ಲ. ಅಲ್ಲಿ ಸುರಿದದ್ದು ಶುದ್ಧ ಗ್ಲೈಫೋಸೇಟ್ ಅಲ್ಲ, ಎಲೆಯೊಳಗೆ ಇಳಿಯಲು ನೆರವಾಗುವ ರಾಸಾಯನಿಕಗಳನ್ನು ಬೆರೆಸಿದ ಮಿಶ್ರಣ ಎಂಬುದೂ ನೆನಪಿರಬೇಕು.

2015ರಲ್ಲಿ ಭಿನ್ನಮತ ಬಯಲಿಗೆ ಬಂತು. ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಪ್ರಕಟಿತ ಅಧ್ಯಯನಗಳನ್ನು ತೂಗಿ, ‘ಕ್ಯಾನ್ಸರ್ ತರುವ ಸಂಭವವಿದೆ’ ಎಂದಿತು. ಮಿಶ್ರಣಗಳ ಮೇಲಿನ ಅಧ್ಯಯನಗಳನ್ನೂ ಅದು ಪರಿಗಣಿಸಿತ್ತು. ನವೆಂಬರ್‌ನಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಗ್ಲೈಫೋಸೇಟನ್ನಷ್ಟೇ ಪರಿಶೀಲಿಸಿ, ಕಂಪನಿಗಳ ಅಪ್ರಕಟಿತ ವರದಿಗಳನ್ನೂ ಲೆಕ್ಕಕ್ಕೆ ಹಿಡಿದು, ‘ಸಂಭವ ಕಡಿಮೆ’ ಎಂದಿತು. 2018ರಲ್ಲಿ 54,251 ಕೀಟನಾಶಕ ಸಿಂಪಡಕರ ಅಮೆರಿಕನ್ ಅಧ್ಯಯನಕ್ಕೆ ಲಿಂಫೋಮಾ ಕ್ಯಾನ್ಸರಿನ ನಂಟು ಸಿಗಲಿಲ್ಲ. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ, ಅತಿ ಹೆಚ್ಚು ಬಳಸಿದವರಲ್ಲಿ ಅದೇ ಕ್ಯಾನ್ಸರಿನ ಅಪಾಯ ಶೇ 41ರಷ್ಟು ಹೆಚ್ಚೆಂದಿತು. 2025ರಲ್ಲಿ ಇಟಲಿಯ ರಾಮಾಝಿನಿ ಸಂಸ್ಥೆ ಶುದ್ಧ ಗ್ಲೈಫೋಸೇಟ್ ಮತ್ತು ಎರಡು ಮಿಶ್ರಣಗಳನ್ನು ಇಲಿಗಳಿಗೆ ಗರ್ಭದಿಂದಲೇ ಕೊಟ್ಟು ನೋಡಿತು. ಮೂರರಲ್ಲೂ ಗೆಡ್ಡೆಗಳು ಹೆಚ್ಚಿದವು.

ಐವತ್ತು ವರ್ಷಗಳ ಈ ಹಾದಿ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತದೆ: ಏನನ್ನು ಪರೀಕ್ಷಿಸಿದರು, ಯಾರು ಪರೀಕ್ಷಿಸಿದರು ಎಂಬುದನ್ನು ಬಿಟ್ಟು ಫಲಿತಾಂಶವನ್ನು ಓದಲಾಗದು. ಭಾರತ ಸರ್ಕಾರ 2022ರಲ್ಲಿ ಇದರ ಸಿಂಪಡಣೆಯನ್ನು ಕೀಟ ನಿಯಂತ್ರಣದ ಪರವಾನಗಿದಾರರಿಗಷ್ಟೇ ಸೀಮಿತಗೊಳಿಸಿತು. ಆದರೆ ಬೆನ್ನಿಗೆ ಪಂಪು ಕಟ್ಟಿಕೊಂಡು ಬರಿಗೈಯಲ್ಲಿ ಸಿಂಪಡಿಸುವವರು ಉಸಿರಾಡುವುದು ಡಬ್ಬಿಯೊಳಗಿನ ಮಿಶ್ರಣವನ್ನೇ. ಪರೀಕ್ಷೆಯಾಗಬೇಕಾದದ್ದು ಆ ಮಿಶ್ರಣ. ಅದೂ ಸಾರ್ವಜನಿಕ ಹಣದಲ್ಲಿ, ಎಲ್ಲರಿಗೂ ಕಾಣುವಂತೆ. ಅಲ್ಲಿಯವರೆಗೆ ಕೈಗವಸು, ಮುಖಗವಸು ಇಲ್ಲದೆ ಯಾರನ್ನೂ ಪಂಪು ಹೊರಲು ಕಳಿಸಬೇಡಿ.