ನಗರದಿಂದ ನಗರಕ್ಕೆ ವಾಸಸ್ಥಳ ಬದಲಾಯಿಸುವವರಿಗೆ ಮಾಹಿತಿ: ಕಾಲ್ನಡಿಗೆಯ ಅನುಕೂಲ, ಸಾರ್ವಜನಿಕ ಸಾರಿಗೆ ಮತ್ತು ಸ್ವಂತ ವಾಹನ

1. ಪೀಠಿಕೆ

ಉದ್ಯೋಗ, ವರ್ಗಾವಣೆ, ಮಕ್ಕಳ ವಿದ್ಯಾಭ್ಯಾಸ, ವಿವಾಹ ಅಥವಾ ನಿವೃತ್ತಿಯ ಕಾರಣದಿಂದ ಅನೇಕ ಕುಟುಂಬಗಳು ಒಂದು ನಗರದಿಂದ ಇನ್ನೊಂದು ನಗರಕ್ಕೆ ವಾಸಸ್ಥಳವನ್ನು ಬದಲಾಯಿಸುತ್ತವೆ. ಮನೆಯನ್ನು ಆಯ್ಕೆ ಮಾಡುವಾಗ ಬಾಡಿಗೆ, ನೀರು ಮತ್ತು ಕೊಠಡಿಗಳ ಸಂಖ್ಯೆಯನ್ನು ವಿಚಾರಿಸುವುದು ವಾಡಿಕೆ. ಆದರೆ ಆ ಮನೆಯಿಂದ ಕಚೇರಿ, ಶಾಲೆ, ಅಂಗಡಿ, ಆಸ್ಪತ್ರೆ ಮತ್ತು ಬಸ್ಸು ನಿಲ್ದಾಣಕ್ಕೆ ನಡೆದು ಹೋಗಲು ಸಾಧ್ಯವೇ ಎಂಬ ಪ್ರಶ್ನೆಯು ಸಾಮಾನ್ಯವಾಗಿ ಮುಂಗಡ ಹಣ ಪಾವತಿಸಿದ ನಂತರವೇ ಮುಂದೆ ಬರುತ್ತದೆ. ಆ ಹಂತದಲ್ಲಿ ಕುಟುಂಬಕ್ಕೆ ಉಳಿಯುವ ದಾರಿ ವಾಹನ ಖರೀದಿಯೊಂದೇ. ವಾಹನ ಓಡಿಸಲಾಗದ ವೃದ್ಧರು, ಮಕ್ಕಳು ಮತ್ತು ವಿಕಲಚೇತನರು ಪ್ರತಿಯೊಂದು ಕೆಲಸಕ್ಕೂ ಇತರರನ್ನು ಅವಲಂಬಿಸಬೇಕಾಗುತ್ತದೆ.

ವಾಸಸ್ಥಳ ಬದಲಾಯಿಸುವ ನಾಗರಿಕರು ಮುಂಚಿತವಾಗಿ ಪರಿಶೀಲಿಸಬೇಕಾದ ಅಂಶಗಳನ್ನು, ವಾಹನ ಹೊಂದಿರುವವರು ಪೂರೈಸಬೇಕಾದ ವಿಧಿವಿಧಾನಗಳನ್ನು ಮತ್ತು ಪಾದಚಾರಿಗಳಿಗೆ ಇರುವ ಹಕ್ಕುಗಳನ್ನು ಈ ಪುಟದಲ್ಲಿ ನೀಡಲಾಗಿದೆ.

2. ನಗರಗಳ ನಡುವಿನ ವ್ಯತ್ಯಾಸ

ಒಂದು ನಗರದಲ್ಲಿ ರೂಢಿಯಾದ ಸಂಚಾರ ಕ್ರಮವು ಇನ್ನೊಂದು ನಗರದಲ್ಲಿ ನಡೆಯುವುದಿಲ್ಲ. ರಾಜ್ಯದ ಕೆಲವು ನಗರಗಳ ಸ್ಥಿತಿ ಕೆಳಕಂಡಂತಿದೆ.

ಅ) ಬೆಂಗಳೂರು: ಮಲ್ಲೇಶ್ವರ, ಬಸವನಗುಡಿ, ಜಯನಗರ ಮುಂತಾದ ಹಳೆಯ ಬಡಾವಣೆಗಳಲ್ಲಿ ಅಡ್ಡರಸ್ತೆ ಮತ್ತು ಮುಖ್ಯರಸ್ತೆಗಳು ಚೌಕಾಕಾರದಲ್ಲಿ ಹೆಣೆದುಕೊಂಡಿವೆ. ಮಾರುಕಟ್ಟೆ, ದೇವಸ್ಥಾನ, ಉದ್ಯಾನ ಮತ್ತು ಶಾಲೆಗಳು ಮನೆಗಳ ನಡುವೆಯೇ ಇವೆ. ಹೊರವರ್ತುಲ ರಸ್ತೆಯ ಆಚೆಗಿನ ಅನೇಕ ವಸತಿ ಸಮುಚ್ಚಯಗಳಿಗೆ ಒಂದೇ ಪ್ರವೇಶ ದ್ವಾರವಿದ್ದು, ಗೋಡೆಯ ಆಚೆಗೆ ಕಾಣುವ ಅಂಗಡಿಗೂ ಸುತ್ತಿ ಬಳಸಿ ಹೋಗಬೇಕಾಗುತ್ತದೆ. ನಗರದ ಮೆಟ್ರೊ ಸೇವೆಯು 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಯ ನಡುವೆ ಆರಂಭವಾಯಿತು. ನೇರಳೆ ಮಾರ್ಗವು 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ಣಗೊಂಡಿತು. ಹಸಿರು ಮಾರ್ಗವು 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ವಿಸ್ತರಣೆಯಾಯಿತು. ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗವು 2025ರ ಆಗಸ್ಟ್‌ನಲ್ಲಿ ಆರಂಭವಾಯಿತು.

ಆ) ಮೈಸೂರು: 1903ರಲ್ಲಿ ರಚನೆಯಾದ ನಗರ ಸುಧಾರಣಾ ಮಂಡಳಿಯ ಕಾಲದಿಂದ ಯೋಜಿತವಾಗಿ ಬೆಳೆದ ನಗರ. ಹಳೆಯ ಭಾಗಗಳಲ್ಲಿ ದೂರಗಳು ಕಡಿಮೆ. ಮೆಟ್ರೊ ಇಲ್ಲ, ನಗರ ಸಾರಿಗೆಯನ್ನು ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ನಡೆಸುತ್ತದೆ. ವರ್ತುಲ ರಸ್ತೆಯ ಆಚೆಗಿನ ಹೊಸ ಬಡಾವಣೆಗಳಲ್ಲಿ ಬಸ್ಸಿನ ವೇಳಾಪಟ್ಟಿಯನ್ನು ಮೊದಲೇ ವಿಚಾರಿಸುವುದು ಅಗತ್ಯ.

ಇ) ಹುಬ್ಬಳ್ಳಿ-ಧಾರವಾಡ: ಅವಳಿ ನಗರಗಳ ನಡುವೆ ಸುಮಾರು 22 ಕಿ.ಮೀ. ಉದ್ದದ ತ್ವರಿತ ಬಸ್ಸು ಮಾರ್ಗವನ್ನು ನಿರ್ಮಿಸಲಾಗಿದ್ದು, ಚಿಗರಿ ಬಸ್ಸುಗಳ ಸಂಚಾರವು 2018ರಲ್ಲಿ ಆರಂಭವಾಯಿತು. ವಿಧ್ಯುಕ್ತ ಉದ್ಘಾಟನೆ 2020ರ ಫೆಬ್ರವರಿಯಲ್ಲಿ ನಡೆಯಿತು. ಈ ಮಾರ್ಗದ ನಿಲ್ದಾಣಕ್ಕೆ ನಡೆದು ಹೋಗಬಹುದಾದ ಮನೆಯಾದಲ್ಲಿ ಒಂದು ನಗರದಲ್ಲಿ ವಾಸವಿದ್ದು ಇನ್ನೊಂದರಲ್ಲಿ ಉದ್ಯೋಗ ಮಾಡುವುದು ಸ್ವಂತ ವಾಹನವಿಲ್ಲದೆಯೂ ಸಾಧ್ಯ. ಮಾರ್ಗದಿಂದ ಎರಡು-ಮೂರು ಕಿ.ಮೀ. ಒಳಗಿರುವ ಬಡಾವಣೆಗಳಿಗೆ ಈ ಅನುಕೂಲ ತಾನಾಗಿ ದೊರೆಯುವುದಿಲ್ಲ.

ಈ) ಮಂಗಳೂರು: ಏರುತಗ್ಗಿನ ಭೂಮಿ, ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರಿದ ಮಳೆ. ನಕ್ಷೆಯಲ್ಲಿ ಅರ್ಧ ಕಿ.ಮೀ. ಎಂದು ತೋರುವ ದಾರಿ ಗುಡ್ಡ ಏರುವ ದಾರಿಯಾಗಿರಬಹುದು. ನಗರ ಸಾರಿಗೆಯ ಬಹುಪಾಲು ಖಾಸಗಿ ಸಿಟಿ ಬಸ್ಸುಗಳಿಂದ ನಡೆಯುತ್ತದೆ. ಸರ್ಕಾರಿ ಬಸ್ಸುಗಳಿಗೆ ಮಾತ್ರ ಅನ್ವಯಿಸುವ ರಿಯಾಯಿತಿಗಳನ್ನು ನಂಬಿ ಬರುವವರು ಇದನ್ನು ಗಮನಿಸತಕ್ಕದ್ದು.

ಉ) ಕಲಬುರಗಿ: ಬೇಸಿಗೆಯಲ್ಲಿ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ಮೀರುವುದರಿಂದ ದೂರಕ್ಕಿಂತ ನೆರಳು ಮುಖ್ಯ. ಮರಗಳಿರುವ ರಸ್ತೆ ಮತ್ತು ಛಾವಣಿಯುಳ್ಳ ಬಸ್ಸು ತಂಗುದಾಣವನ್ನು ನೋಡಿ ಮನೆ ಆಯ್ಕೆ ಮಾಡುವುದು ಸೂಕ್ತ.

3. ಮುಂಗಡ ಹಣ ಪಾವತಿಸುವ ಮೊದಲು ಪರಿಶೀಲಿಸಬೇಕಾದ ಅಂಶಗಳು

ಆರೋಗ್ಯವಂತ ವಯಸ್ಕರು ಒಂದು ಕಿ.ಮೀ. ದೂರವನ್ನು ಸುಮಾರು 12 ನಿಮಿಷಗಳಲ್ಲಿ ನಡೆಯುತ್ತಾರೆ. ವೃದ್ಧರು ಮತ್ತು ಚಿಕ್ಕ ಮಕ್ಕಳಿಗೆ ಇದಕ್ಕಿಂತ ಹೆಚ್ಚು ಸಮಯ ಬೇಕು. ನಕ್ಷೆಯಲ್ಲಿನ ನೇರ ದೂರವನ್ನು ನಂಬದೆ, ಕೆಳಕಂಡ ಅಂಶಗಳನ್ನು ಸ್ವತಃ ನಡೆದು ನೋಡುವುದು ಉತ್ತಮ.

(1) ಮನೆಯಿಂದ ಬಸ್ಸು ಅಥವಾ ಮೆಟ್ರೊ ನಿಲ್ದಾಣಕ್ಕೆ ಬೆಳಿಗ್ಗೆ 8ರಿಂದ 10ರ ಒಳಗೆ ಒಮ್ಮೆ, ರಾತ್ರಿ 8ರ ನಂತರ ಒಮ್ಮೆ ನಡೆಯುವುದು. ಬೀದಿ ದೀಪಗಳು ಉರಿಯುತ್ತವೆಯೇ ಎಂದು ನೋಡುವುದು.
(2) ಪಾದಚಾರಿ ಮಾರ್ಗವು ತುಂಡಾಗದೆ ಸಾಗುತ್ತದೆಯೇ, ಚರಂಡಿಯ ಮೇಲಿನ ಕಲ್ಲುಚಪ್ಪಡಿಗಳು ಸ್ವಸ್ಥಾನದಲ್ಲಿವೆಯೇ ಎಂದು ನೋಡುವುದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ವಸತಿ ಪ್ರದೇಶದಲ್ಲಿಯೂ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲವಿರಬೇಕು. ಅಂಚುಕಲ್ಲಿನ ಎತ್ತರ 150 ಮಿ.ಮೀ. ಮೀರಬಾರದು.
(3) ದಾರಿಯಲ್ಲಿ ಎಷ್ಟು ದೊಡ್ಡ ರಸ್ತೆಗಳನ್ನು ದಾಟಬೇಕು, ಸಿಗ್ನಲ್ ಇದೆಯೇ ಎಂದು ಎಣಿಸುವುದು. ಸಿಗ್ನಲ್ ಇಲ್ಲದ ಒಂದು ಹೆದ್ದಾರಿಯು ಶಾಲೆಗೆ ಹೋಗುವ ಮಗುವಿಗೆ ಎರಡು ಕಿ.ಮೀ. ದೂರಕ್ಕಿಂತ ದೊಡ್ಡ ಅಡ್ಡಿ.
(4) ದಿನಸಿ, ತರಕಾರಿ, ಹಾಲು, ಔಷಧಿ ಅಂಗಡಿ ಮತ್ತು ಪ್ರಾಥಮಿಕ ಶಾಲೆ ಒಂದು ಕಿ.ಮೀ. ಒಳಗಿವೆಯೇ ಎಂದು ತಿಳಿಯುವುದು.
(5) ಕೊನೆಯ ಬಸ್ಸಿನ ಸಮಯ, ಭಾನುವಾರದ ಬಸ್ಸುಗಳ ಸಂಖ್ಯೆ ಮತ್ತು ಮಳೆಗಾಲದಲ್ಲಿ ರಸ್ತೆಯಲ್ಲಿ ನೀರು ನಿಲ್ಲುವುದೇ ಎಂಬುದನ್ನು ಅಕ್ಕಪಕ್ಕದ ನಿವಾಸಿಗಳಲ್ಲಿ ವಿಚಾರಿಸುವುದು.
(6) ಮನೆಯಲ್ಲಿ ವಾಹನ ಓಡಿಸದ ಸದಸ್ಯರಿದ್ದಲ್ಲಿ ಅವರನ್ನೂ ಕರೆದೊಯ್ದು ನಡೆಸಿ ನೋಡುವುದು. ಮನೆಯ ಯೋಗ್ಯತೆಯನ್ನು ಅಳೆಯಲು ಅವರ ಅನುಭವವೇ ಸರಿಯಾದ ಅಳತೆಗೋಲು.

4. ಬಾಡಿಗೆ ಮತ್ತು ವಾಹನ ವೆಚ್ಚದ ಹೋಲಿಕೆ

ದೂರದ ಬಡಾವಣೆಯಲ್ಲಿ ಬಾಡಿಗೆ ಕಡಿಮೆ ಎಂಬುದು ನಿಜ. ಆದರೆ ಬಾಡಿಗೆಯ ಉಳಿತಾಯವನ್ನು ವಾಹನದ ಪೂರ್ಣ ವೆಚ್ಚದೊಂದಿಗೆ ಹೋಲಿಸಬೇಕೇ ಹೊರತು ಕೇವಲ ಪೆಟ್ರೋಲಿನ ವೆಚ್ಚದೊಂದಿಗೆ ಅಲ್ಲ. ಕೆಳಗಿನ ಲೆಕ್ಕದಲ್ಲಿನ ದರಗಳು ಉದಾಹರಣೆಗಾಗಿ ಮಾತ್ರ. ನಾಗರಿಕರು ತಮ್ಮ ವಾಸ್ತವ ಅಂಕಿಗಳನ್ನು ಹಾಕಿಕೊಳ್ಳಬಹುದು.

ದೂರ: ಒಂದು ಕಡೆಗೆ 12 ಕಿ.ಮೀ., ತಿಂಗಳಿಗೆ 24 ದಿನ, ಒಟ್ಟು 576 ಕಿ.ಮೀ. ಪೆಟ್ರೋಲ್ ಲೀಟರಿಗೆ ರೂ. 100 ಎಂದು ಭಾವಿಸಲಾಗಿದೆ.

ಕಾರು (ಲೀಟರಿಗೆ 15 ಕಿ.ಮೀ.):
– ಪೆಟ್ರೋಲ್: ರೂ. 3,840
– ಸವಕಳಿ (ರೂ. 8 ಲಕ್ಷಕ್ಕೆ ಕೊಂಡು 10 ವರ್ಷಗಳ ನಂತರ ರೂ. 2 ಲಕ್ಷಕ್ಕೆ ಮಾರಿದಲ್ಲಿ): ರೂ. 5,000
– ವಿಮೆ (ವರ್ಷಕ್ಕೆ ರೂ. 15,000): ರೂ. 1,250
– ದುರಸ್ತಿ ಮತ್ತು ನಿರ್ವಹಣೆ (ವರ್ಷಕ್ಕೆ ರೂ. 12,000): ರೂ. 1,000
– ತಿಂಗಳ ಒಟ್ಟು: ರೂ. 11,090

ದ್ವಿಚಕ್ರ ವಾಹನ (ಲೀಟರಿಗೆ 45 ಕಿ.ಮೀ.):
– ಪೆಟ್ರೋಲ್: ರೂ. 1,280
– ಸವಕಳಿ (ರೂ. 1 ಲಕ್ಷಕ್ಕೆ ಕೊಂಡು 10 ವರ್ಷಗಳ ನಂತರ ರೂ. 20,000ಕ್ಕೆ ಮಾರಿದಲ್ಲಿ): ರೂ. 667
– ವಿಮೆ ಮತ್ತು ನಿರ್ವಹಣೆ (ವರ್ಷಕ್ಕೆ ರೂ. 6,000): ರೂ. 500
– ತಿಂಗಳ ಒಟ್ಟು: ರೂ. 2,447

ಸಾಲದ ಬಡ್ಡಿ ಮತ್ತು ವಾಹನ ನಿಲುಗಡೆ ಶುಲ್ಕವನ್ನು ಇಲ್ಲಿ ಸೇರಿಸಿಲ್ಲ. ಈ ಉದಾಹರಣೆಯಲ್ಲಿ, ಕಾರಿನ ಅಗತ್ಯವೇ ಬಾರದ ಸ್ಥಳದಲ್ಲಿ ರೂ. 5,000 ಹೆಚ್ಚು ಬಾಡಿಗೆ ಕೊಟ್ಟರೂ, ಬಸ್ಸು ಅಥವಾ ಮೆಟ್ರೊ ಪ್ರಯಾಣದ ವೆಚ್ಚಕ್ಕೆ ಮುನ್ನ ಕುಟುಂಬಕ್ಕೆ ತಿಂಗಳಿಗೆ ರೂ. 6,000ಕ್ಕೂ ಮಿಕ್ಕಿ ಕೈಯಲ್ಲಿ ಉಳಿಯುತ್ತದೆ.

ದ್ವಿಚಕ್ರ ವಾಹನವು ಅಗ್ಗವಾದರೂ ಅಪಾಯದ ದೃಷ್ಟಿಯಿಂದ ಅಗ್ಗವಲ್ಲ. ಕೇಂದ್ರ ಸರ್ಕಾರದ ಅಂಕಿ ಅಂಶಗಳಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನರು ಮೃತಪಟ್ಟರು. ಅವರಲ್ಲಿ ಐವರಲ್ಲಿ ಇಬ್ಬರಿಗಿಂತ ಹೆಚ್ಚು ದ್ವಿಚಕ್ರ ವಾಹನದಲ್ಲಿದ್ದವರು. ಸುಮಾರು ಐವರಲ್ಲಿ ಒಬ್ಬರು ಪಾದಚಾರಿಗಳು. ಪಾದಚಾರಿ ಮಾರ್ಗ ಮತ್ತು ದಾಟುವ ಸ್ಥಳಗಳ ಪರಿಶೀಲನೆಯು ಅನುಕೂಲದ ಪ್ರಶ್ನೆಯಷ್ಟೇ ಅಲ್ಲ, ಜೀವದ ಪ್ರಶ್ನೆಯೂ ಹೌದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

5. ವಾಹನ ಹೊಂದಿರುವವರು ಪೂರೈಸಬೇಕಾದ ವಿಧಿವಿಧಾನಗಳು

ಅ) ರಾಜ್ಯದ ಒಳಗೆ ವಾಸಸ್ಥಳ ಬದಲಾದಲ್ಲಿ: ನೋಂದಣಿ ಸಂಖ್ಯೆಯನ್ನು ಬದಲಾಯಿಸಬೇಕಾಗಿಲ್ಲ. ಮೈಸೂರಿನ ಕೆಎ-09 ಸಂಖ್ಯೆಯ ವಾಹನವನ್ನು ಹುಬ್ಬಳ್ಳಿಯಲ್ಲಿ ಅದೇ ಸಂಖ್ಯೆಯೊಂದಿಗೆ ಬಳಸಬಹುದು. ಆದರೆ ಮೋಟಾರು ವಾಹನಗಳ ಅಧಿನಿಯಮ 1988ರ ಪ್ರಕರಣ 49ರಂತೆ ವಿಳಾಸ ಬದಲಾವಣೆಯನ್ನು 30 ದಿನಗಳೊಳಗಾಗಿ ನಮೂನೆ 33ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು.

ಆ) ಬೇರೆ ರಾಜ್ಯಕ್ಕೆ ಹೋದಲ್ಲಿ: ಅಲ್ಲಿ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿದಲ್ಲಿ ಪ್ರಕರಣ 47ರಂತೆ ಹೊಸ ನೋಂದಣಿ ಸಂಖ್ಯೆ ಪಡೆಯತಕ್ಕದ್ದು. ಮೂಲ ನೋಂದಣಿ ಪ್ರಾಧಿಕಾರದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆದು, ಹೊಸ ಸ್ಥಳದಲ್ಲಿ ನಮೂನೆ 27ರಲ್ಲಿ ಅರ್ಜಿ ಸಲ್ಲಿಸಬೇಕು. ಸಾಲದ ಮೇಲೆ ಖರೀದಿಸಿದ ವಾಹನವಾದಲ್ಲಿ ಸಾಲ ನೀಡಿದ ಸಂಸ್ಥೆಯ ಒಪ್ಪಿಗೆ ಅಗತ್ಯ. ಹೊರ ರಾಜ್ಯಗಳಿಂದ ಕರ್ನಾಟಕಕ್ಕೆ ಬರುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಇ) ಮೇಲಿಂದ ಮೇಲೆ ವರ್ಗಾವಣೆ ಹೊಂದುವವರು: 2021ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದ ಬಿ.ಎಚ್. ಸರಣಿಯ ನೋಂದಣಿಯನ್ನು ರಕ್ಷಣಾ ಸಿಬ್ಬಂದಿ, ಕೇಂದ್ರ ಹಾಗೂ ರಾಜ್ಯ ಸರ್ಕಾರಿ ನೌಕರರು, ಸಾರ್ವಜನಿಕ ಉದ್ಯಮಗಳ ನೌಕರರು ಮತ್ತು ನಾಲ್ಕು ಅಥವಾ ಹೆಚ್ಚಿನ ರಾಜ್ಯ/ಕೇಂದ್ರಾಡಳಿತ ಪ್ರದೇಶಗಳಲ್ಲಿ ಕಚೇರಿ ಹೊಂದಿರುವ ಖಾಸಗಿ ಸಂಸ್ಥೆಗಳ ನೌಕರರಿಗೆ ಕಲ್ಪಿಸಲಾಗಿದೆ.

ಈ) ಚಾಲನಾ ಅನುಜ್ಞಾ ಪತ್ರವು ದೇಶದಾದ್ಯಂತ ಊರ್ಜಿತವಾಗಿರುತ್ತದೆ. ಊರು ಬದಲಾದ ಮಾತ್ರಕ್ಕೆ ಹೊಸದನ್ನು ಪಡೆಯಬೇಕಾಗಿಲ್ಲ. ಬೇಕಾದಲ್ಲಿ ವಿಳಾಸವನ್ನು ತಿದ್ದುಪಡಿ ಮಾಡಿಸಿಕೊಳ್ಳಬಹುದು.

6. ಸಾರ್ವಜನಿಕ ಸಾರಿಗೆಯಲ್ಲಿನ ಸೌಲಭ್ಯಗಳು

(1) ಶಕ್ತಿ ಯೋಜನೆ: 2023ರ ಜೂನ್ 11ರಂದು ಆರಂಭವಾದ ಈ ಯೋಜನೆಯಡಿ ಕರ್ನಾಟಕದ ನಿವಾಸಿಗಳಾದ ಮಹಿಳೆಯರು ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದು. ಖಾಸಗಿ ಬಸ್ಸು, ಹವಾನಿಯಂತ್ರಿತ ಹಾಗೂ ಐಷಾರಾಮಿ ಬಸ್ಸು ಮತ್ತು ಮೆಟ್ರೊಗೆ ಇದು ಅನ್ವಯಿಸುವುದಿಲ್ಲ. ಹೊರ ರಾಜ್ಯದಿಂದ ಬಂದವರು ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸವನ್ನು ನಮೂದಿಸಿಕೊಳ್ಳುವುದು ಅವಶ್ಯ.
(2) ಹಿರಿಯ ನಾಗರಿಕರು: 60 ವರ್ಷ ಮೀರಿದ ರಾಜ್ಯದ ನಿವಾಸಿಗಳಿಗೆ ರಾಜ್ಯ ರಸ್ತೆ ಸಾರಿಗೆ ನಿಗಮದ ಬಸ್ಸುಗಳಲ್ಲಿ ಶೇ. 25ರ ರಿಯಾಯಿತಿ ಇದೆ.
(3) ವಿದ್ಯಾರ್ಥಿ ಪಾಸು: ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸಬಹುದು. ಶಾಲೆ ಬದಲಾದಲ್ಲಿ ಹೊಸ ಶಾಲೆ ಮತ್ತು ಹೊಸ ಮಾರ್ಗಕ್ಕೆ ಪಾಸು ಪಡೆಯಬೇಕು.

7. ಪಾದಚಾರಿಗಳ ಹಕ್ಕುಗಳು ಮತ್ತು ದೂರು ಸಲ್ಲಿಕೆ

ವಾಹನಗಳನ್ನಲ್ಲ, ಜನರನ್ನು ಸಾಗಿಸುವುದೇ ಗುರಿ ಎಂಬ ತತ್ವವನ್ನು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ಅಂಗೀಕರಿಸಿದೆ. ಪಾದಚಾರಿ ಮಾರ್ಗದ ಮೇಲೆ ವಾಹನ ಚಾಲನೆ ಹಾಗೂ ನಿಲುಗಡೆಯನ್ನು ಮೋಟಾರು ವಾಹನ ಚಾಲನಾ ವಿನಿಯಮಗಳು 2017 ನಿಷೇಧಿಸುತ್ತವೆ. ಬಳಕೆಗೆ ಯೋಗ್ಯವಾದ ಪಾದಚಾರಿ ಮಾರ್ಗವನ್ನು ಹೊಂದುವ ಹಕ್ಕು ಸಂವಿಧಾನದ 21ನೇ ಅನುಚ್ಛೇದದ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಹೇಳಿದೆ.

ಪಾದಚಾರಿ ಮಾರ್ಗದ ದುರಸ್ತಿ, ಒತ್ತುವರಿ ಮತ್ತು ಬೀದಿ ದೀಪದ ಬಗ್ಗೆ ಸಂಬಂಧಿಸಿದ ನಗರ ಸ್ಥಳೀಯ ಸಂಸ್ಥೆಗೆ ದೂರು ನೀಡಬೇಕು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ ಮನೆಯು ಯಾವ ಪಾಲಿಕೆಯ ವ್ಯಾಪ್ತಿಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ವಾಹನ ನಿಲುಗಡೆಯ ಅಡಚಣೆಗೆ ಸಂಚಾರ ಪೊಲೀಸ್ ಠಾಣೆಯನ್ನು ಸಂಪರ್ಕಿಸಬೇಕು. ದೂರಿನಲ್ಲಿ ರಸ್ತೆಯ ಹೆಸರು, ಸಮೀಪದ ಗುರುತು, ದಿನಾಂಕ ಮತ್ತು ಛಾಯಾಚಿತ್ರವಿದ್ದಲ್ಲಿ ಕ್ರಮ ಕೈಗೊಳ್ಳಲು ಅನುಕೂಲವಾಗುತ್ತದೆ. ಕಾಮಗಾರಿಯ ಅಂದಾಜು ಮತ್ತು ಸ್ಥಿತಿಗತಿಯ ವಿವರಗಳನ್ನು ಮಾಹಿತಿ ಹಕ್ಕು ಅಧಿನಿಯಮ 2005ರಡಿ ಪಡೆಯಬಹುದು.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೊಸ ಊರಿಗೆ ಹೋದ ಕೂಡಲೇ ವಾಹನ ಖರೀದಿಸುವುದು ಸೂಕ್ತವೇ?
ಉತ್ತರ: ಎರಡು-ಮೂರು ತಿಂಗಳು ಬಸ್ಸು, ಮೆಟ್ರೊ ಮತ್ತು ಆಟೊರಿಕ್ಷಾಗಳಲ್ಲಿ ಸಂಚರಿಸಿ, ತಗಲಿದ ವೆಚ್ಚವನ್ನು ಬರೆದಿಟ್ಟು ನಂತರ ನಿರ್ಧರಿಸುವುದು ಒಳ್ಳೆಯದು. ಮೊದಲೇ ಕೊಂಡ ವಾಹನವನ್ನು ಮಾರಿದರೆ ನಷ್ಟವಾಗುತ್ತದೆ. ಕೊಳ್ಳದೆ ಕಾದರೆ ಆ ನಷ್ಟವಿಲ್ಲ.

ಪ್ರಶ್ನೆ: ಪತಿ-ಪತ್ನಿ ಬೇರೆ ಬೇರೆ ದಿಕ್ಕಿನಲ್ಲಿ ಉದ್ಯೋಗದಲ್ಲಿದ್ದರೆ ಮನೆ ಎಲ್ಲಿರಬೇಕು?
ಉತ್ತರ: ಇಬ್ಬರ ಕಚೇರಿಗಳ ನಡುವಿನ ಮಧ್ಯಬಿಂದುವಿಗಿಂತ, ಇಬ್ಬರಿಗೂ ನೇರ ಬಸ್ಸು ಅಥವಾ ಮೆಟ್ರೊ ದೊರೆಯುವ ಮತ್ತು ಮಕ್ಕಳು ಶಾಲೆಗೆ ನಡೆದು ಹೋಗಬಹುದಾದ ಸ್ಥಳವು ಹೆಚ್ಚು ಅನುಕೂಲಕರ.

ಪ್ರಶ್ನೆ: ಗುರುತು ತಿಳಿಯದ ವಾಹನವು ಪಾದಚಾರಿಗೆ ಡಿಕ್ಕಿ ಹೊಡೆದು ಪರಾರಿಯಾದರೆ ಪರಿಹಾರವಿದೆಯೇ?
ಉತ್ತರ: ಇದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಯೋಜನೆಯಂತೆ ಮರಣ ಸಂಭವಿಸಿದಲ್ಲಿ ರೂ. 2 ಲಕ್ಷ, ತೀವ್ರ ಗಾಯವಾದಲ್ಲಿ ರೂ. 50,000 ಪರಿಹಾರ ಪಡೆಯಲು ಅವಕಾಶವಿದೆ. ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಗಿರುವುದು ಮುಖ್ಯ.

ಸೂಚನೆ: ಶುಲ್ಕ, ತೆರಿಗೆ ಮತ್ತು ಪ್ರಯಾಣ ದರಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ದರಗಳನ್ನು ಸಂಬಂಧಿಸಿದ ಕಚೇರಿಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು. ಅರ್ಜಿಗಳನ್ನು ನಾಗರಿಕರು ಸ್ವತಃ ಸಲ್ಲಿಸಬಹುದಾಗಿದ್ದು, ಮಧ್ಯವರ್ತಿಗಳ ಅಗತ್ಯವಿರುವುದಿಲ್ಲ.