ಅಕ್ಕರೆಯ ಸೆರೆ

ಹೆಣ್ಣಿನ ಸೆರೆಗೆ ಕ್ರೌರ್ಯದ ಬೀಗವೇ ಬೇಕೆಂದಿಲ್ಲ. ಅಕ್ಕರೆಯ ಅಗುಳಿಯೂ ಸಾಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಇಬ್ಬರು ಲೇಖಕಿಯರು ಸಣ್ಣಕಥೆಯಲ್ಲಿ ಇದನ್ನು ಕಾಣಿಸಿದರು.

1887ರಲ್ಲಿ ಮನೋವ್ಯಥೆಯಿಂದ ಬಳಲುತ್ತಿದ್ದ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಅವರಿಗೆ ವೈದ್ಯರು ವಿಧಿಸಿದ್ದು ಬರಿಯ ವಿಶ್ರಾಂತಿ. ಲೇಖನಿ ಮುಟ್ಟಕೂಡದೆಂಬ ಕಟ್ಟಳೆ. 1892ರಲ್ಲಿ ಅಚ್ಚಾದ ಅವರ ‘ಹಳದಿ ಗೋಡೆಕಾಗದ’ದ ನಾಯಕಿಗೆ ವೈದ್ಯನಾದ ಗಂಡನಿಂದಲೇ ಅಂಥ ಚಿಕಿತ್ಸೆ. ಕಂಬಿಕಿಟಕಿಯ ಕೋಣೆಯಲ್ಲಿ, ಗೋಡೆಯ ಕಾಗದದ ಚಿತ್ತಾರದ ಹಿಂದೆ ಸಿಕ್ಕಿಬಿದ್ದ ಹೆಣ್ಣೊಬ್ಬಳನ್ನು ಕಂಡು, ಬಿಡಿಸಹೋಗಿ, ಆಕೆ ಬುದ್ಧಿ ಕಳೆದುಕೊಳ್ಳುತ್ತಾಳೆ.

ಕೇಟ್ ಶೋಪಾನ್ 1894ರಲ್ಲಿ ಬರೆದ ‘ಒಂದು ಗಂಟೆಯ ಕಥೆ’ಯಲ್ಲಿ, ಗಂಡ ಸತ್ತನೆಂದು ಅತ್ತವಳು ತೆರೆದ ಕಿಟಕಿಯೆದುರು ಕುಳಿತು, ಇನ್ನು ತನ್ನ ಬಾಳು ತನ್ನದೆಂದು ಅರಿಯುತ್ತಾಳೆ. ಗಂಡ ಜೀವಂತ ಮರಳಿದೊಡನೆ ಅವಳ ಪ್ರಾಣ ಹೋಗುತ್ತದೆ. ಸಂತೋಷ ತಾಳಲಾರದೆ ಸತ್ತಳೆಂದು ವೈದ್ಯರ ನಿರ್ಣಯ!

ಇಬ್ಬರು ಗಂಡಂದಿರೂ ಪ್ರೀತಿಸಿದವರೇ. ಅವಳಿಗೇನು ಬೇಕೆಂದು ಕೇಳಿದವರು ಮಾತ್ರ ಯಾರೂ ಇಲ್ಲ.