ದಂಡಿನ ಬ್ಯಾಂಡು

ಚಾಮರಾಜಪೇಟೆಯ ನಮ್ಮ ಮನೆಯಿಂದ ಶಿವಾಜಿನಗರದ ಕಡೆ ಹೊರಟರೆ ತಾತ ‘ದಂಡಿಗೆ ಹೋಗಿ ಬರ್ತೀನಿ’ ಅನ್ನುತ್ತಿದ್ದರು. ‘ಕತ್ತಲಾಗೋದ್ರೊಳಗೆ ಬಂದ್ಬಿಡಿ’ ಅಂತ ಅಜ್ಜಿ ಒಳಗಿಂದಲೇ ಕೂಗುತ್ತಿದ್ದಳು. ಸಿಟಿ ಬಸ್ಸಿನ ದಾರಿಗೆ ಇಷ್ಟು ಮುನ್ನೆಚ್ಚರಿಕೆ ಯಾಕೆಂದು ನನಗೆ ನಗು.

ಅವರ ಯೌವನದಲ್ಲಿ ಅದು ನಿಜಕ್ಕೂ ಪರದೇಶ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯವನ್ನು ಎಬ್ಬಿಸಿ ಹಲಸೂರಿನ ಪಕ್ಕ ತಂದಿಟ್ಟಾಗ ಹುಟ್ಟಿದ ಊರು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿಸಿದಾಗಲೂ ದಂಡನ್ನು ಮಾತ್ರ ಬಿಟ್ಟುಕೊಡಲಿಲ್ಲ. ಕೋರ್ಟು, ಪೊಲೀಸು, ಮುನ್ಸಿಪಾಲಿಟಿ ಎಲ್ಲ ಬೇರೆ ಬೇರೆ. ಅದು ಮೈಸೂರಿಗೆ ಸೇರಿದ್ದು 1947ರಲ್ಲಿ. ಎರಡೂ ಊರು ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ರೈಲ್ವೆ ಸ್ಟೇಷನ್ನಿನ ಬೋರ್ಡಿನಲ್ಲಿ ‘ದಂಡು’ ಇನ್ನೂ ಉಳಿದಿದೆ.

ಆ ಪರದೇಶದ ಸಂಜೆಗಳಿಗೆ ಅದರದೇ ಸದ್ದಿತ್ತು. ಅಧಿಕಾರಿಗಳಿಗೆ ಕ್ಲಬ್ಬು, ಬಾಲ್ ಡ್ಯಾನ್ಸು. (ಯುವಕ ಚರ್ಚಿಲ್ ಅಲ್ಲೊಂದು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿಹೋದ ಕತೆಯನ್ನು ಬೆಂಗಳೂರಿಗರು ಇವತ್ತಿಗೂ ಖುಷಿಯಿಂದ ಹೇಳುತ್ತಾರೆ.) ದಂಡಿಗೂ ಪೇಟೆಗೂ ನಡುವಿದ್ದ ಕಬ್ಬನ್ ಪಾರ್ಕಿನಲ್ಲಿ ಬ್ಯಾಂಡ್‌ಸ್ಟ್ಯಾಂಡು. ಮಿಲಿಟರಿ ಬ್ಯಾಂಡು ಅಲ್ಲಿ ನುಡಿಸಿದರೆ ಕೇಳುವುದಕ್ಕೆ ಟಿಕೆಟ್ಟು ಬೇಕಿರಲಿಲ್ಲ. ಕ್ಲಬ್ಬಿನ ಬಾಗಿಲು ತಡೆಯುತ್ತಿದ್ದ ಸಂಗೀತವನ್ನು ಪಾರ್ಕಿನ ಗಾಳಿ ತಡೆಯಲಿಲ್ಲ ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ನನ್ನ ಕುತೂಹಲವಿರುವುದು ‘ಬ್ಯಾಂಡು’ ಎಂಬ ಪದದ ಮೇಲೆ. ದೊರೆಗಳ ಪಲ್ಟನ್ನಿನ ಜೊತೆ ಬಂದ ಪದ, ಅದೇ ಕ್ಲಾರಿಯೋನೆಟ್ಟು, ಟ್ರಂಪೆಟ್ಟು, ಡ್ರಮ್ಮುಗಳ ಸಮೇತ ದೇಶದ ತುಂಬ ಮದುವೆಯ ‘ಬ್ಯಾಂಡ್‌ಸೆಟ್ಟು’ ಆಯಿತು. ಜರಿಪಟ್ಟಿಯ ಕೋಟು ಮಾತ್ರ ಸೈನ್ಯದ್ದೇ. ಆದರೆ ಎಂಬತ್ತರ ದಶಕದ ಪಬ್ಬುಗಳೂ ದಾಟಿ ಬರುವ ಹೊತ್ತಿಗೆ ಕನ್ನಡ ಪತ್ರಿಕೆಗಳಲ್ಲಿ ‘ಲೈವ್ ಬ್ಯಾಂಡ್’ ಎಂದರೆ ಹೆಣ್ಣುಮಕ್ಕಳು ಕುಣಿಯುವ ಬಾರು, ಪೊಲೀಸ್ ದಾಳಿ ಎಂದಷ್ಟೇ ಅರ್ಥ. ಪದ ಕೆಟ್ಟಿತು, ಹಿಂದೆಯೇ ಕಾನೂನು ಬಂತು. ಪೊಲೀಸ್ ಕಾಯ್ದೆಯಡಿ ಹೊರಟ 2005ರ ಲೈಸೆನ್ಸ್ ಆದೇಶದಲ್ಲಿ ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊ ಮೂರಕ್ಕೂ ಒಂದೇ ಸಾಲು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ವರ್ಷವೇ ಇಂದಿರಾನಗರದಲ್ಲಿ ಗಿಟಾರು ಮೂಲೆಗೆ ಸೇರಿದವು. ಮನೆಯಾಗಿ ಕಟ್ಟಿಸಿ ಆಮೇಲೆ ಹೋಟೆಲಾದ ಕಟ್ಟಡಕ್ಕೆ ಸ್ವಾಧೀನ ಪತ್ರ ಎಲ್ಲಿಂದ ತರುವುದು? ಪತ್ರವಿಲ್ಲದೆ ಲೈಸೆನ್ಸಿಲ್ಲ.

ನಾನು ಪಬ್ಬಿನವರ ವಕೀಲನಲ್ಲ. ಹನ್ನೆರಡನೇ ಮೇನಿನ ಹಿಂದಿರುವ ಗೆಳೆಯನ ಮನೆಯಲ್ಲಿ ಒಂದು ಶನಿವಾರ ರಾತ್ರಿ ಮಲಗಿದ್ದೇನೆ. ಕಿಟಕಿ ಗಾಜು ಬೆಳಗಿನ ಜಾವದವರೆಗೆ ನಡುಗುತ್ತಿತ್ತು. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ದಾಟಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಅಷ್ಟು ಸಾಕಿತ್ತು. ಸದ್ದು ಎಷ್ಟು ಎಂದು ಅಳೆಯುವುದು ಬೇರೆ, ನುಡಿಸುವವನು ಎಂಥವನು ಎಂದು ಶಂಕಿಸುವುದು ಬೇರೆ. ಅದೇ ನಿಯಮ ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆಂದು ವರ್ಷಕ್ಕೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಲು ಸರ್ಕಾರಕ್ಕೆ ಅವಕಾಶವನ್ನೂ ಇಟ್ಟಿದೆ.

ಕೆಲವು ಬೇಸಿಗೆಗಳ ಹಿಂದೆ ಇಂದಿರಾನಗರದ ಒಂದು ಮಹಡಿಯಲ್ಲಿ ನಾಲ್ವರು ಹುಡುಗರು ಕನ್ನಡದ್ದೇ ಸ್ವಂತ ಹಾಡು ಹಾಡುತ್ತಿದ್ದರು. ಹತ್ತಕ್ಕೆ ಮ್ಯಾನೇಜರು ಬಂದು ಕೈ ಸನ್ನೆ ಮಾಡಿದ, ಹಾಡು ಅರ್ಧಕ್ಕೇ ನಿಂತಿತು. ಆಟೊ ಸಿಗದೆ ಹಲಸೂರಿನ ಕಡೆ ನಡೆದೆ. ದಂಡು ಬರುವುದಕ್ಕೆ ಎಷ್ಟೋ ಮೊದಲಿಂದ ಅಲ್ಲಿರುವ ಸೋಮೇಶ್ವರನ ಜಾತ್ರೆ. ಬೀದಿಯಲ್ಲಿ ಹೂವಿನ ಪಲ್ಲಕ್ಕಿಗಳ ಸಾಲು, ಮುಂದೆ ನಾಗಸ್ವರ, ಅದರ ಹಿಂದೆ ಜರಿಕೋಟಿನ ಬ್ಯಾಂಡ್‌ಸೆಟ್ಟು. ಜನಜಂಗುಳಿಯಲ್ಲಿ ಆ ನಾಲ್ವರಲ್ಲೊಬ್ಬ ಕಂಡ. ಬೆನ್ನ ಮೇಲೆ ಗಿಟಾರಿನ ಚೀಲ, ಕೈಯಲ್ಲಿ ಕಡಲೆಪುರಿ. ಟ್ರಂಪೆಟ್ಟಿನವನ ಬೆರಳುಗಳನ್ನೇ ನೋಡುತ್ತಾ ನಿಂತಿದ್ದ.